ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸಿ: ಕುದುರೆಮುಖ ಟ್ರಿಪ್‌ಗೆ ಒಂದು ಪ್ಲಾನ್

ಸೆಮಿಸ್ಟರ್ ಮುಗಿಯೋಕೆ ಇನ್ನೂ ತಿಂಗಳಿದೆ ಅನ್ನುವಾಗಲೇ ಹಾಸ್ಟೆಲ್ ವಾಟ್ಸಾಪ್ ಗುಂಪಿನಲ್ಲಿ ಒಂದು ಮೆಸೇಜ್ ಬರುತ್ತೆ: "ಮಚ್ಚಾ, ಕುದುರೆಮುಖ ಹೋಗೋಣ್ವಾ?" ಹತ್ತು ನಿಮಿಷದಲ್ಲಿ ಇಪ್ಪತ್ತು ಜನ ರೆಡಿ. ಹೊರಡೋ ದಿನ ಒಂಬತ್ತು ಜನ ಉಳೀತಾರೆ. ಆ ಒಂಬತ್ತು ಜನರಲ್ಲಿ ಪ್ಲಾನ್ ಮಾಡಿದವರು ಎಷ್ಟು ಮಂದಿ? ನಮ್ಮ ಮೊದಲ ಟ್ರಿಪ್‌ನಲ್ಲಿ ಒಬ್ಬರೂ ಇರಲಿಲ್ಲ. ಬಸ್ ಟಿಕೆಟ್ ಬುಕ್ ಮಾಡಿದ್ದನ್ನೇ ನಾವು ಪ್ಲಾನ್ ಅಂದುಕೊಂಡಿದ್ದೆವು.

ಆ ಟ್ರಿಪ್‌ನಲ್ಲಿ ಏನಾಯ್ತು, ಮರುವರ್ಷ ಹೋದಾಗ ನಾವು ಏನು ಬದಲಾಯಿಸಿಕೊಂಡೆವು ಅನ್ನೋದನ್ನ ಇಲ್ಲಿ ಬರೆದಿದ್ದೇವೆ. ಈ ಬಾರಿ ಹೋಗುವವರಿಗೆ ಉಪಯೋಗಕ್ಕೆ ಬರಲಿ.

ಮೊದಲು ಜಾಗದ ಪರಿಚಯ

ಕುದುರೆಮುಖ ರಾಷ್ಟ್ರೀಯ ಉದ್ಯಾನ ಘೋಷಣೆಯಾದದ್ದು 1987ರಲ್ಲಿ. ವಿಸ್ತೀರ್ಣ ಸುಮಾರು 600 ಚದರ ಕಿಲೋಮೀಟರ್. ಶಿಖರದ ಎತ್ತರ ಸುಮಾರು 1,890 ಮೀಟರ್; ಒಂದು ಕಡೆಯಿಂದ ನೋಡಿದರೆ ಕುದುರೆಯ ಮುಖದ ಹಾಗೆ ಕಾಣೋದರಿಂದ ಈ ಹೆಸರು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರ್‌ನಷ್ಟು ಮಳೆ ಬೀಳುವ ಪ್ರದೇಶ ಇದು. ಬೆಂಗಳೂರಿನಲ್ಲಿ ವರ್ಷಕ್ಕೆ ಬೀಳೋದು ಸುಮಾರು 1,000 ಮಿಲಿಮೀಟರ್. ಅಂದರೆ ನಮ್ಮೂರಿನ ಏಳು ವರ್ಷದ ಮಳೆ ಅಲ್ಲಿ ಒಂದೇ ವರ್ಷಕ್ಕೆ!

ಗುಡ್ಡದ ಮೈಮೇಲೆ ಹುಲ್ಲುಗಾವಲು, ಎರಡು ಗುಡ್ಡಗಳ ನಡುವಿನ ಮಡಿಲಲ್ಲಿ ದಟ್ಟವಾದ ಶೋಲಾ ಕಾಡು. ಹುಲ್ಲೂ ಕಾಡೂ ಸೇರಿ ಮಳೆನೀರನ್ನು ಮಣ್ಣಿಗೆ ಇಳಿಸಿ ಬೇಸಿಗೆವರೆಗೂ ನಿಧಾನವಾಗಿ ಬಿಡುತ್ತವೆ. ಇದೇ ಉದ್ಯಾನದ ಗಂಗಾಮೂಲದಲ್ಲಿ ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುತ್ತವೆ. ಮೊದಲೆರಡು ಶಿವಮೊಗ್ಗದ ಹತ್ತಿರ ಕೂಡಲಿಯಲ್ಲಿ ಸೇರಿ ಪೂರ್ವಕ್ಕೆ ಹೋಗುತ್ತವೆ, ನೇತ್ರಾವತಿ ಮಂಗಳೂರಿನಲ್ಲಿ ಅರಬ್ಬೀ ಸಮುದ್ರ ಸೇರುತ್ತೆ. ಸಿಂಗಳೀಕ, ಕಾಟಿ, ಚಿರತೆ, ಹುಲಿ ಎಲ್ಲವೂ ಇರುವ ಕಾಡು ಇದು.

ನಾವು ಎಂಜಿನಿಯರಿಂಗ್‌ನವರಾಗಿ ತಿಳ್ಕೋಬೇಕಾದ ಇನ್ನೊಂದು ಕಥೆ ಇದೆ. ಇಲ್ಲಿನ ಕಬ್ಬಿಣದ ಅದಿರಿಗಾಗಿ 1976ರಲ್ಲಿ ಸರ್ಕಾರಿ ಕಂಪನಿಯೊಂದು ಶುರುವಾಯ್ತು. ಬಂಡವಾಳ ಕೊಡಬೇಕಿದ್ದದ್ದು ಇರಾನ್. 1979ರ ಕ್ರಾಂತಿಯಾದ ಮೇಲೆ ಅದು ಹಿಂದೆ ಸರಿಯಿತು. ಆದರೂ ಗಣಿ ನಡೆಯಿತು. ಅದಿರನ್ನು ಪುಡಿಮಾಡಿ ನೀರಿನಲ್ಲಿ ಕಲಸಿ, ಘಟ್ಟದ ಕೆಳಗೆ ಮಂಗಳೂರಿನವರೆಗೆ ಸುಮಾರು 67 ಕಿಲೋಮೀಟರ್ ಪೈಪ್‌ನಲ್ಲಿ ಹರಿಸುತ್ತಿದ್ದರು. ಉಳಿದ ಕೆಸರನ್ನು ಹಿಡಿದಿಡಲು ಸುಮಾರು 100 ಮೀಟರ್ ಎತ್ತರದ ಲಕ್ಯಾ ಅಣೆಕಟ್ಟು ಕಟ್ಟಿದರು. ಎಂಜಿನಿಯರಿಂಗ್ ದೃಷ್ಟಿಯಿಂದ ದೊಡ್ಡ ಕೆಲಸವೇ. ಆದರೆ ಅಷ್ಟು ಮಳೆ ಬೀಳುವ ಜಾಗದಲ್ಲಿ ಗುಡ್ಡ ಅಗೆದರೆ ಮಣ್ಣು ಎಲ್ಲಿಗೆ ಹೋಗುತ್ತೆ? ಭದ್ರಾ ನದಿಗೆ. ವರ್ಷಗಟ್ಟಲೆ ಹೋರಾಟ ನಡೆದು, 2002ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದು, 2005ರ ಕೊನೆಗೆ ಗಣಿಗಾರಿಕೆ ನಿಂತಿತು. ಇವತ್ತು ಕುದುರೆಮುಖ ಪಟ್ಟಣದಲ್ಲಿ ಖಾಲಿ ಕ್ವಾರ್ಟರ್ಸ್‌ಗಳ ನಡುವೆ ಹಾದು ಹೋಗುವಾಗ ಈ ಕಥೆ ಗೊತ್ತಿದ್ದರೆ ಆ ರಸ್ತೆಯೇ ಬೇರೆ ಥರ ಕಾಣುತ್ತೆ.

ನಾವು ಎಡವಿದ್ದು

ಮೊದಲ ಸಲ ನಮ್ಮ ಪಟ್ಟಿ ಹೀಗಿತ್ತು: ಶನಿವಾರ ರಾತ್ರಿ ಬೆಂಗಳೂರಿನಿಂದ ಬಸ್, ಭಾನುವಾರ ಬೆಳಿಗ್ಗೆ ಕಳಸ. ಕಳಸೇಶ್ವರ ದೇವಸ್ಥಾನ, ಅಂಬಾತೀರ್ಥ, ಸಂಸೆಯ ಟೀ ತೋಟ, ಶಿಖರ, ಇಳಿದ ಮೇಲೆ ಹನುಮನಗುಂಡಿ ಜಲಪಾತ, ರಾತ್ರಿ 9ಕ್ಕೆ ವಾಪಸ್ ಬಸ್. ಸೋಮವಾರ ಬೆಳಿಗ್ಗೆ ಲ್ಯಾಬ್ ಇಂಟರ್ನಲ್ಸ್. ಓದುವಾಗಲೇ ನಗು ಬರುತ್ತೆ ಅಲ್ವಾ? ಆವಾಗ ನಮಗೆ ಬರಲಿಲ್ಲ.

ಬಸ್ 5:30ಕ್ಕೇ ಕಳಸ ತಲುಪಿತು. "ಬೇಕಾದಷ್ಟು ಟೈಮ್ ಇದೆ" ಅಂದುಕೊಂಡೆವು. ದೇವಸ್ಥಾನ ನೋಡಿದೆವು. ಅಂಬಾತೀರ್ಥದಲ್ಲಿ ಬಂಡೆಗಳ ನಡುವೆ ಭದ್ರೆ ಹರಿಯೋದನ್ನ ನೋಡುತ್ತಾ ಕೂತೆವು. ಹೋಟೆಲ್‌ನಲ್ಲಿ ಒಂಬತ್ತು ಜನಕ್ಕೆ ದೋಸೆ ಬರೋಕೆ ಮುಕ್ಕಾಲು ಗಂಟೆ. ಟೀ ತೋಟದಲ್ಲಿ ಫೋಟೋ. ಬಾಳೆಗಲ್ಲಿನಿಂದ ಮುಳ್ಳೋಡಿಗೆ ಜೀಪು, ಆ ರಸ್ತೆಯಲ್ಲಿ ಅದಕ್ಕಿಂತ ವೇಗವಾಗಿ ಹೋಗೋಕೆ ಆಗಲ್ಲ. ಮುಳ್ಳೋಡಿಯಿಂದ ಕಾಲ್ನಡಿಗೆ ಶುರು ಮಾಡಿದಾಗ ಗಂಟೆ 9:40.

ಒಂಟಿಮರ ದಾಟಿದ ಮೇಲೆ ನಮ್ಮಲ್ಲೊಬ್ಬನಿಗೆ ಮಂಡಿ ನೋವು ಶುರುವಾಯ್ತು. ಹಿಂದಿನ ದಿನ ತಂದ ಹೊಸ ಶೂ ಬೇರೆ. ಅಷ್ಟೊತ್ತಿಗೆ ಐದು ಜನ ಕೂಗಿದರೂ ಕೇಳಿಸದಷ್ಟು ಮುಂದೆ ಹೋಗಿದ್ದರು. ಮಧ್ಯಾಹ್ನ 1 ಗಂಟೆಗೆ ಮಾರ್ಗದರ್ಶಿ ಅಣ್ಣ ಆಕಾಶ ನೋಡಿ, "ಇಲ್ಲಿಂದ ವಾಪಸ್ ಹೋಗೋದು ಒಳ್ಳೇದು" ಅಂದರು. ಆದರೆ ಮುಂದೆ ಹೋದವರಿಗೆ ಹೇಳೋದು ಹೇಗೆ? ಮೊಬೈಲ್ ನೆಟ್‌ವರ್ಕ್ ಇಲ್ಲ. ಅವರು ನಾಲ್ವರನ್ನು ದಾರಿ ಪಕ್ಕ ಕೂರಿಸಿ, "ಇಲ್ಲಿಂದ ಏಳಬೇಡಿ" ಅಂತ ಎರಡು ಸಲ ಹೇಳಿ ಮೇಲೆ ಹತ್ತಿದರು. ಆ ನಾಲ್ವರು ಮಂಜಿನಲ್ಲಿ ಎರಡೂವರೆ ಗಂಟೆ ಹಾಗೇ ಕೂತಿದ್ದರು. ಹತ್ತು ಅಡಿ ಆಚೆ ಏನಿದೆ ಅಂತ ಕಾಣುತ್ತಿರಲಿಲ್ಲ.

ಎಲ್ಲರೂ ಸೇರಿ ಇಳಿಯಲು ಶುರು ಮಾಡಿದಾಗ 3:40. ಮಂಡಿ ನೋವಿನವನ ಹೆಗಲಿಗೆ ಇಬ್ಬರು ಕೈ ಕೊಟ್ಟರು. 6 ಗಂಟೆಗೆ ಸೂರ್ಯ ಮುಳುಗಿದ, ಕಾಡಿನೊಳಗೆ ಅದಕ್ಕೂ ಮೊದಲೇ ಕತ್ತಲು. ಒಂಬತ್ತು ಜನಕ್ಕೆ ಎರಡು ಟಾರ್ಚ್. ಫೋಟೋ ತೆಗೆದೂ ತೆಗೆದೂ ಫೋನ್‌ಗಳ ಬ್ಯಾಟರಿ ಖಾಲಿ. ಕತ್ತಲಲ್ಲಿ ತೊರೆ ದಾಟುವಾಗ ಒಬ್ಬೊಬ್ಬರಿಗೂ ಟಾರ್ಚ್ ವಾಪಸ್ ಕೊಟ್ಟು ಕೊಟ್ಟು ದಾಟಬೇಕಾಯ್ತು. ಕಾಟಿ ಇದ್ದರೆ ದೂರ ಸರಿಯಲಿ ಅಂತ ಮಾರ್ಗದರ್ಶಿ ಅಣ್ಣ ದಾರಿಯುದ್ದಕ್ಕೂ ಜೋರಾಗಿ ಮಾತಾಡ್ತಾನೇ ಇದ್ದರು. ನಮ್ಮಲ್ಲಿ ಯಾರಿಗೂ ಮಾತು ಬರುತ್ತಿರಲಿಲ್ಲ. ಮುಳ್ಳೋಡಿ ತಲುಪಿದಾಗ 8:10. ಬಸ್ ತಪ್ಪಿತು, ಇಂಟರ್ನಲ್ಸ್ ತಪ್ಪಿತು. ಮಂಡಿ ಮೂರು ವಾರಕ್ಕೆ ಸರಿಹೋಯ್ತು. ಇಷ್ಟಕ್ಕೇ ಮುಗಿದದ್ದು ನಮ್ಮ ಅದೃಷ್ಟ.

ಐದು ನಿಮಿಷದ ಲೆಕ್ಕ

ವಾಪಸ್ ಬಂದ ಮೇಲೆ ಒಂದು ಸಂಜೆ ಕ್ಯಾಂಟೀನ್‌ನಲ್ಲಿ ಕೂತು, ಎಲ್ಲಿ ತಪ್ಪಾಯ್ತು ಅಂತ ಪೇಪರ್ ಮೇಲೆ ಹಾಕಿ ನೋಡಿದೆವು. 1892ರಲ್ಲಿ ವಿಲಿಯಂ ನೈಸ್ಮಿತ್ ಅನ್ನೋ ಸ್ಕಾಟ್ಲೆಂಡ್‌ನ ಪರ್ವತಾರೋಹಿ ಕೊಟ್ಟ ಒಂದು ಸರಳ ಸೂತ್ರ ಇದೆ. ಅದರ ಮೆಟ್ರಿಕ್ ರೂಪ ಹೀಗೆ: ಪ್ರತಿ 5 ಕಿಲೋಮೀಟರ್ ದೂರಕ್ಕೆ 1 ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ.

ಮುಳ್ಳೋಡಿಯಿಂದ ಶಿಖರಕ್ಕೆ ಒಂದು ಕಡೆಗೆ ಸುಮಾರು 10 ಕಿಲೋಮೀಟರ್, ಏರು ಸುಮಾರು 900 ಮೀಟರ್ ಅಂತ ಇಟ್ಕೊಳ್ಳಿ. ದೂರಕ್ಕೆ 2 ಗಂಟೆ, ಏರಿಗೆ ಒಂದೂವರೆ ಗಂಟೆ, ಒಟ್ಟು ಮೂರೂವರೆ ಗಂಟೆ. ಆದರೆ ಈ ಸೂತ್ರ ನಡೆದು ಅಭ್ಯಾಸ ಇರುವವರಿಗೆ, ಎಲ್ಲೂ ನಿಲ್ಲದೆ ಹೋಗುವವರಿಗೆ. ಲಿಫ್ಟ್ ಕೆಟ್ಟರೆ ಮೂರನೇ ಮಹಡಿಯ ಕ್ಲಾಸ್ ಬಂಕ್ ಮಾಡುವ ನಮಗೆ ಒಂದೂವರೆ ಪಟ್ಟು ಹಾಕಲೇಬೇಕು. ಆಗ ಹತ್ತೋಕೆ 5 ಗಂಟೆ 15 ನಿಮಿಷ. ಮೇಲೆ ಅರ್ಧ ಗಂಟೆ. ಜಾರುವ ಇಳಿಜಾರಿನಲ್ಲಿ ಇಳಿಯೋಕೆ 4 ಗಂಟೆ. ಒಟ್ಟು ಮುಕ್ಕಾಲು ಕಡಿಮೆ ಹತ್ತು ಅಲ್ಲ, ಕಾಲು ಕಡಿಮೆ ಹತ್ತು ಗಂಟೆ.

ಈಗ ಸೂರ್ಯಾಸ್ತದಿಂದ ಹಿಂದಕ್ಕೆ ಎಣಿಸಿ. ನವೆಂಬರ್‌ನಲ್ಲಿ ಅಲ್ಲಿ ಸೂರ್ಯ ಮುಳುಗೋದು ಸುಮಾರು 6ಕ್ಕೆ. ಏನಾದರೂ ಎಡವಟ್ಟಾದರೆ ಇರಲಿ ಅಂತ ಒಂದೂವರೆ ಗಂಟೆ ಉಳಿಸಿ. ಅಂದರೆ 4:30ಕ್ಕೆ ಕೆಳಗಿರಬೇಕು. 12:30ಕ್ಕೆ ತಿರುಗಬೇಕು. 12ಕ್ಕೆ ಮೇಲಿರಬೇಕು. 6:45ಕ್ಕೆ ನಡೆಯೋಕೆ ಶುರು ಮಾಡಬೇಕು.

ನಾವು ಶುರು ಮಾಡಿದ್ದು 9:40ಕ್ಕೆ. ಇದೇ ಲೆಕ್ಕದಲ್ಲಿ ಕೆಳಗೆ ಬರೋದು ಸಂಜೆ 7:25ಕ್ಕೆ. ಅಂದರೆ ಮಂಡಿ ನೋವು ಬರದಿದ್ದರೂ, ಮಂಜು ಕವಿಯದಿದ್ದರೂ ನಾವು ಕತ್ತಲಲ್ಲೇ ಇಳೀಬೇಕಿತ್ತು. ಪಾಪ, ಆ ಗೆಳೆಯ ಅಲ್ಲಿವರೆಗೂ "ನನ್ನಿಂದ ಎಲ್ಲರಿಗೂ ತೊಂದರೆ ಆಯ್ತು" ಅಂತಾನೇ ಹೇಳ್ತಿದ್ದ. ಪೇಪರ್ ನೋಡಿ ಅವನೇ ಮೊದಲು ನಕ್ಕ. ಟ್ರಿಪ್ ಕೆಟ್ಟಿದ್ದು ಬೆಟ್ಟದ ಮೇಲಲ್ಲ, ಬೆಳಿಗ್ಗೆ 7 ಗಂಟೆಗೆ ದೋಸೆ ಕಾಯ್ತಾ ಕೂತಿದ್ದಾಗಲೇ ಕೆಟ್ಟಿತ್ತು.

ನೋಡುವ ಜಾಗಗಳನ್ನು ಆರಿಸೋದು ಹೇಗೆ?

ಇಷ್ಟಾದ ಮೇಲೆ ನಾವು ಮಾಡಿಕೊಂಡ ಮೊದಲ ನಿಯಮ: ಬೆಟ್ಟ ಹತ್ತುವ ದಿನ ಬೆಟ್ಟ ಮಾತ್ರ. ಉಳಿದ ಜಾಗಗಳಿಗೆ ಬೇರೆ ದಿನ. ಎರಡು ದಿನ ಸಿಗದಿದ್ದರೆ ಎರಡರಲ್ಲಿ ಒಂದನ್ನು ಬಿಡಿ.

ಜಾಗಗಳನ್ನು ಮೂರು ಪಟ್ಟಿ ಮಾಡಿ. ಮೊದಲನೆಯದು, ಹೋಗುವ ದಾರಿಯಲ್ಲೇ ಸಿಗುವಂಥವು. ಕುದುರೆಮುಖ–ಕಾರ್ಕಳ ರಸ್ತೆಯಲ್ಲಿರುವ ಕಡಾಂಬಿ ಜಲಪಾತ ಇಂಥದ್ದು, ರಸ್ತೆ ಪಕ್ಕದಲ್ಲೇ ಕಾಣುತ್ತೆ. ಎರಡನೆಯದು, ಇಳಿದು ನಡೆದು ನೋಡಬೇಕಾದಂಥವು. ಅದೇ ರಸ್ತೆಯ ಹನುಮನಗುಂಡಿ ಹೀಗೆ. ಟಿಕೆಟ್ ತಗೊಂಡು ಮೆಟ್ಟಿಲು ಇಳಿಯಬೇಕು, ಮತ್ತೆ ಅಷ್ಟನ್ನೂ ಹತ್ತಬೇಕು. ಮೂರನೆಯದು, ದಾರಿ ಬಿಟ್ಟು ಬೇರೆ ಕಡೆ ಹೋಗಬೇಕಾದಂಥವು. ಕಳಸದಿಂದ 8 ಕಿಲೋಮೀಟರ್ ದೂರದ ಹೊರನಾಡು ಅನ್ನಪೂರ್ಣೇಶ್ವರಿ ದೇವಸ್ಥಾನ ಇದಕ್ಕೆ ಸೇರುತ್ತೆ. ಅರ್ಧ ದಿನಕ್ಕೆ ಮೊದಲ ಪಟ್ಟಿಯಿಂದ ಎಷ್ಟಾದರೂ ಇರಲಿ, ಎರಡನೆಯದರಿಂದ ಒಂದು, ಮೂರನೆಯದರಿಂದ ಒಂದು. ಅದಕ್ಕಿಂತ ಹೆಚ್ಚು ಬೇಡ.

ಪ್ರತಿ ನಿಲುಗಡೆಗೂ ಒಂದು ಗುಪ್ತ ಖರ್ಚು ಇರುತ್ತೆ. "ಹತ್ತೇ ನಿಮಿಷ" ಅಂತ ನಿಲ್ಲಿಸಿದ ಗಾಡಿ ಮತ್ತೆ ಹೊರಡೋದು ಮುಕ್ಕಾಲು ಗಂಟೆ ಆದ ಮೇಲೆ. ಒಬ್ಬರಿಗೆ ಟೀ, ಒಬ್ಬರಿಗೆ ಟಾಯ್ಲೆಟ್, ಒಬ್ಬರಿಗೆ ರೀಲ್ಸ್. ಹಾಗಾಗಿ ಶೀಟ್‌ನಲ್ಲಿ ಒಂದು ನಿಲುಗಡೆಗೆ 40 ನಿಮಿಷ ಅಂತಲೇ ಬರೆಯಿರಿ. ಉಳಿದರೆ ಲಾಭ.

ಇನ್ನೊಂದು ಮಾತು. ಉದ್ಯಾನದೊಳಗಿನ ರಸ್ತೆಗೆ ಚೆಕ್‌ಪೋಸ್ಟ್‌ಗಳಿವೆ. ಅಲ್ಲಿ ಕೊಡುವ ಚೀಟಿಯಲ್ಲಿ ಸಮಯ ಬರೆದಿರುತ್ತೆ, ಅದರೊಳಗೆ ಆಚೆ ತುದಿ ದಾಟಬೇಕು. ಕಂಡ ಕಂಡ ತಿರುವಿನಲ್ಲಿ ಗಾಡಿ ನಿಲ್ಲಿಸುವಂತಿಲ್ಲ. ರಸ್ತೆ ಪಕ್ಕದ ಕೋತಿಗಳಿಗೆ ಚಿಪ್ಸ್ ಕೊಡಲೇಬೇಡಿ. ತಿನಿಸಿಗಾಗಿ ರಸ್ತೆಗೆ ಬರೋದು ಕಲಿತ ಪ್ರಾಣಿ ಗಾಡಿಗೆ ಸಿಗುತ್ತೆ.

ಶಿಖರವೇ ಬೇಕು ಅಂತೇನಿಲ್ಲದಿದ್ದರೆ ಕುರಿಂಜಲ್, ಗಂಗಡಿಕಲ್ಲು ಚಾರಣಗಳೂ ಇದೇ ಉದ್ಯಾನದಲ್ಲಿವೆ. ಕುದುರೆಮುಖಕ್ಕಿಂತ ಚಿಕ್ಕವು. ಮೊದಲ ಸಲ ಬೆಟ್ಟ ಹತ್ತುವವರು ಗುಂಪಿನಲ್ಲಿ ಹೆಚ್ಚಿದ್ದರೆ ಅಲ್ಲಿಂದಲೇ ಶುರು ಮಾಡಿ.

ಅನುಮತಿ ಮತ್ತು ಕಾಲ

ಚಾರಣಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಮಾರ್ಗದರ್ಶಿ ಕಡ್ಡಾಯ. ಬುಕಿಂಗ್ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ. ದಿನಕ್ಕೆ ಇಷ್ಟೇ ಜನ ಅಂತ ಮಿತಿ ಇರೋದರಿಂದ ವೀಕೆಂಡ್ ಬೇಗ ತುಂಬುತ್ತೆ. ಬಸ್‌ಗಿಂತ ಮೊದಲು ಇದನ್ನ ಬುಕ್ ಮಾಡಿ. ಬೇಸಿಗೆಯಲ್ಲಿ ಕಾಳ್ಗಿಚ್ಚಿನ ಭಯಕ್ಕೆ ಚಾರಣ ಮುಚ್ಚುತ್ತಾರೆ, ಜೋರು ಮಳೆಯಲ್ಲೂ ನಿಲ್ಲಿಸುತ್ತಾರೆ. ದಿನಾಂಕ ಗೊತ್ತು ಮಾಡುವ ಮೊದಲು ಆ ತಿಂಗಳ ನಿಯಮ ನೋಡಿಕೊಳ್ಳಿ. ಮೇಲೆ ಟೆಂಟ್ ಹಾಕೋಕೆ ಅವಕಾಶವಿಲ್ಲ, ಸಂಜೆಯೊಳಗೆ ಇಳಿಯಲೇಬೇಕು.

ನಮ್ಮ ಅನುಭವದಲ್ಲಿ ಅಕ್ಟೋಬರ್ ಕೊನೆಯಿಂದ ಡಿಸೆಂಬರ್‌ವರೆಗೆ ಚೆನ್ನ. ಹುಲ್ಲು ಇನ್ನೂ ಹಸಿರಾಗಿರುತ್ತೆ, ತೊರೆಗಳಲ್ಲಿ ನೀರಿರುತ್ತೆ, ದಾಟೋಕೆ ಭಯವಿಲ್ಲ. ಮಳೆಗಾಲದಲ್ಲಿ ಬೆಳಿಗ್ಗೆ ಪಾದ ಮುಳುಗುವಷ್ಟಿದ್ದ ತೊರೆ ಮಧ್ಯಾಹ್ನ ಸೊಂಟದವರೆಗೆ ಏರಬಹುದು. ಮಾರ್ಗದರ್ಶಿ "ಬೇಡ" ಅಂದರೆ ಬೇಡ, ವಾದ ಮಾಡಬೇಡಿ.

ನಡೆಯುವಾಗ

ಅತಿ ನಿಧಾನವಾಗಿ ನಡೆಯುವವರನ್ನು ಎಲ್ಲರಿಗಿಂತ ಮುಂದೆ ಬಿಡಿ. ಗುಂಪಿನ ವೇಗ ಯಾವತ್ತೂ ಅವರ ವೇಗವೇ. ಅವರು ಹಿಂದಿದ್ದರೆ ಆ ವಿಷಯ ತಡವಾಗಿ ಗೊತ್ತಾಗುತ್ತೆ, ಅಷ್ಟೆ. ದಾರಿ ಗೊತ್ತಿರುವ ಗಟ್ಟಿಗರೊಬ್ಬರು ಕೊನೆಯಲ್ಲಿರಲಿ. ಮುಂದಿನವರಿಗೆ ಕೊನೆಯವರು ಕಾಣದಂತಾದರೆ ನಿಲ್ಲಬೇಕು. ನಮ್ಮ ಐದು ಜನ ಇದೊಂದನ್ನ ಪಾಲಿಸಿದ್ದರೆ ಆ ಎರಡೂವರೆ ಗಂಟೆ ಉಳಿಯುತ್ತಿತ್ತು.

ತಿರುಗುವ ಸಮಯವನ್ನು ಹೊರಡುವ ಮೊದಲೇ ಎಲ್ಲರೆದುರು ಹೇಳಿ, ಫೋನ್‌ನಲ್ಲಿ ಅಲಾರಂ ಇಡಿ. 12:30ಕ್ಕೆ ಎಲ್ಲಿದ್ದೀರೋ ಅಲ್ಲಿಂದ ವಾಪಸ್. ಶಿಖರ ಕಣ್ಣೆದುರು ಇರುವಾಗ "ಇನ್ನೊಂದು ಇಪ್ಪತ್ತು ನಿಮಿಷ" ಅನ್ನಿಸುತ್ತೆ, ಆಗ ತಲೆ ಓಡಲ್ಲ. ಅದಕ್ಕೇ ತಲೆ ಓಡುವಾಗ, ಕೆಳಗಿರುವಾಗಲೇ ತೀರ್ಮಾನ ಮಾಡಿ.

ಕಾಲುದಾರಿ ಬಿಟ್ಟು ಹುಲ್ಲಿನ ಮೇಲೆ ಅಡ್ಡದಾರಿ ಹಿಡಿಯಬೇಡಿ. ನೂರಾರು ಜನ ತುಳಿದ ಅಡ್ಡದಾರಿ ಮಳೆಗಾಲದಲ್ಲಿ ಕಾಲುವೆಯಾಗುತ್ತೆ, ಆಮೇಲೆ ಕೊರಕಲಾಗುತ್ತೆ. ಗಣಿ ನಿಲ್ಲಿಸಿದ್ದು ಈ ಮಣ್ಣು ಉಳಿಯಲಿ ಅಂತ. ಅದನ್ನ ನಾವು ಶೂನಲ್ಲಿ ಅಗೆಯೋದು ಬೇಡ.

ಬ್ಯಾಗ್‌ನಲ್ಲಿ ಏನಿರಬೇಕು? ಒಬ್ಬೊಬ್ಬರಿಗೂ ಇಷ್ಟು:

- 2ರಿಂದ 3 ಲೀಟರ್ ನೀರು, ಮತ್ತೆ ತುಂಬಿಸಿಕೊಳ್ಳಬಹುದಾದ ಬಾಟಲಿಯಲ್ಲಿ
- ಮಧ್ಯಾಹ್ನದ ಊಟ. ಜೊತೆಗೆ ಕಡಲೆ ಮಿಠಾಯಿ, ಬಾಳೆಹಣ್ಣು
- ಸ್ವಂತ ಟಾರ್ಚ್, ಮೊಬೈಲ್ ಬಿಟ್ಟು
- ಮಳೆ ಕೋಟು, ಒಂದು ಒಣ ಟೀ-ಶರ್ಟ್
- ಎರಡು ವಾರ ಹಾಕಿ ಪಳಗಿಸಿದ ಶೂ, ಇಂಬಳಕ್ಕೆ ಉದ್ದ ಕಾಲುಚೀಲ
- ಕಸಕ್ಕೆ ಒಂದು ಚೀಲ

ಇಂಬಳ ಕಚ್ಚಿದರೆ ಗಾಬರಿ ಬೇಡ. ಉಗುರಿನಿಂದ ಬಾಯಿಯ ಕಡೆ ಮೆಲ್ಲಗೆ ಸರಿಸಿದರೆ ಬಿಡುತ್ತೆ. ರಕ್ತ ಸ್ವಲ್ಪ ಹೊತ್ತು ಬರುತ್ತೆ, ಒತ್ತಿ ಹಿಡಿದರೆ ನಿಲ್ಲುತ್ತೆ.

ಮ್ಯಾಪ್ ಆಫ್‌ಲೈನ್ ಇಳಿಸಿಕೊಳ್ಳಿ. ಕ್ಯಾಂಪಸ್‌ನಲ್ಲಿ ಉಳಿದ ಒಬ್ಬ ಗೆಳೆಯರಿಗೋ ಮನೆಯವರಿಗೋ ಪೂರ್ತಿ ಪ್ಲಾನ್ ಬರೆದು ಕೊಡಿ: ಎಲ್ಲಿಂದ ಹತ್ತುತ್ತೇವೆ, ಎಷ್ಟು ಜನ, ಮಾರ್ಗದರ್ಶಿಯ ನಂಬರ್, ಎಷ್ಟು ಗಂಟೆಯೊಳಗೆ ಫೋನ್ ಬರದಿದ್ದರೆ ಯಾರಿಗೆ ತಿಳಿಸಬೇಕು. ಮೊದಲ ಸಲ ನಾವು ಕತ್ತಲಲ್ಲಿ ಇಳಿಯುತ್ತಿದ್ದಾಗ ನಾವು ಎಲ್ಲಿದ್ದೇವೆ ಅಂತ ಜಗತ್ತಿನಲ್ಲಿ ಯಾರಿಗೂ ಗೊತ್ತಿರಲಿಲ್ಲ. ಇದು ನೆನಪಾದಾಗ ಈಗಲೂ ಹೊಟ್ಟೆ ತಣ್ಣಗಾಗುತ್ತೆ.

ಎರಡನೇ ಸಲ

ಮರುವರ್ಷ ನವೆಂಬರ್‌ನಲ್ಲಿ ಅದೇ ಒಂಬತ್ತು ಜನ ಮತ್ತೆ ಹೋದೆವು. ಶನಿವಾರ ಪೂರ್ತಿ ರಸ್ತೆ: ಕುದುರೆಮುಖ ಪಟ್ಟಣ, ಕಡಾಂಬಿ, ಹನುಮನಗುಂಡಿ. ರಾತ್ರಿ ಮುಳ್ಳೋಡಿಯ ಹೋಮ್‌ಸ್ಟೇ, 9ಕ್ಕೆ ನಿದ್ದೆ. ಭಾನುವಾರ 6:40ಕ್ಕೆ ನಡಿಗೆ ಶುರು. ಹಿಂದಿನ ವರ್ಷ ಮಂಡಿ ನೋವು ಬಂದವನೇ ಎಲ್ಲರಿಗಿಂತ ಮುಂದೆ. ಸೋಮವಾರ ಯಾವ ಪರೀಕ್ಷೆಯೂ ಇಲ್ಲದಂತೆ ದಿನ ಆರಿಸಿದ್ದೆವು.

11:50ಕ್ಕೆ ಶಿಖರದಲ್ಲಿದ್ದೆವು. ಏನು ಕಾಣಿಸಿತು ಗೊತ್ತಾ? ಏನೂ ಇಲ್ಲ. ಸುತ್ತಲೂ ಬಿಳಿ ಮಂಜು. ಇಡೀ ವರ್ಷ ಕಾದು ಬಂದವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಪುಳಿಯೋಗರೆ ತಿಂದೆವು. "ಸ್ವಲ್ಪ ಹೊತ್ತು ಕಾದರೆ ತೆರೆಯಬಹುದು" ಅಂತ ಒಬ್ಬಳು ಅಂದಳು. ಅಷ್ಟರಲ್ಲಿ ಅಲಾರಂ ಹೊಡೀತು. ಯಾರೂ ವಾದ ಮಾಡದೆ ಎದ್ದೆವು.

ಅರ್ಧ ದಾರಿ ಇಳಿದಾಗ ಮಂಜು ಸರಿಯಿತು. ಸಂಜೆ ಬಿಸಿಲಿಗೆ ಹುಲ್ಲುಗುಡ್ಡಗಳು ಒಂದರ ಹಿಂದೊಂದು, ನಡುವೆ ಕಪ್ಪು ಶೋಲಾ, ಕೆಳಗೆಲ್ಲೋ ತೊರೆಯ ಸದ್ದು. ನಮ್ಮ ಹತ್ತಿರ ಸಮಯವಿತ್ತು. ಹದಿನೈದು ನಿಮಿಷ ಸುಮ್ಮನೆ ಕೂತೆವು. ಹಿಂದಿನ ವರ್ಷ ನಾಲ್ವರು ಮಂಜಿನಲ್ಲಿ ಕೂತಿದ್ದ ಜಾಗ ಅದೇ ಅಂತ ಗುರುತು ಹಿಡಿದವನು ಮಂಡಿ ನೋವಿನ ಗೆಳೆಯ. "ಹೋ, ಇಲ್ಲಿ ಇಷ್ಟೆಲ್ಲಾ ಇತ್ತಾ!" ಅಂದ.

4:20ಕ್ಕೆ ಮುಳ್ಳೋಡಿಯಲ್ಲಿ ಟೀ ಕುಡೀತಿದ್ದೆವು. ಒಂಬತ್ತು ಟಾರ್ಚ್‌ಗಳೂ ಬ್ಯಾಗ್‌ನಲ್ಲೇ ಇದ್ದವು, ಒಂದನ್ನೂ ಹೊರಗೆ ತೆಗೆದಿರಲಿಲ್ಲ.

ಈ ಸಲ ಯಾರು ಹೋಗ್ತೀರೋ, ಹೊರಡೋ ಹಿಂದಿನ ರಾತ್ರಿ ಒಂದು ಪೇಪರ್ ತಗೊಂಡು ಮೇಲೆ "ಸೂರ್ಯಾಸ್ತ 6:00" ಅಂತ ಬರೆದು ಕೆಳಗೆ ಎಣಿಸ್ತಾ ಬನ್ನಿ. ಐದು ನಿಮಿಷದ ಕೆಲಸ. ಹೋಗಿ ಬಂದು ನಿಮ್ಮ ಅನುಭವವನ್ನೂ ನಮ್ಮ ಪತ್ರಿಕೆಗೆ ಬರೆದು ಕಳಿಸಿ.